ಚಾರ್ಜು: ಹೊರಿಸುವವರು ಯಾರು, ಹೊರುವವರು ಯಾರು?

ಇಂಗ್ಲಿಷಿನ ಒಂದಕ್ಷರ ಬಾರದವನೂ ನಮ್ಮ ಊರಿನಲ್ಲಿ ದಿನಕ್ಕೆ ಹತ್ತು ಸಲ ಆಡುವ ಇಂಗ್ಲಿಷು ಮಾತೊಂದಿದೆ. ಅದು ‘ಚಾರ್ಜು’. ಬೆಳಿಗ್ಗೆ ಎದ್ದವನು ಮೊಬೈಲನ್ನು ಚಾರ್ಜಿಗೆ ಹಾಕುತ್ತಾನೆ. ಗಿರಣಿಗೆ ಹೋಗಲು ಬಸ್ ಚಾರ್ಜು ಎಣಿಸಿಕೊಳ್ಳುತ್ತಾನೆ. ಗೇಟಿನ ಒಳಗೆ ಕಾಲಿಟ್ಟೊಡನೆ ಈ ಪಾಳಿಗೆ ಇನ್‌ಚಾರ್ಜ್ ಯಾರೆಂದು ವಿಚಾರಿಸುತ್ತಾನೆ. ಬ್ಯಾಂಕಿನವರು ಖಾತೆಯಿಂದ ಸರ್ವೀಸ್ ಚಾರ್ಜು ಹಿಡಿದುಕೊಂಡರೆ ಗೊಣಗುತ್ತಾನೆ. ಮೇಸ್ತ್ರಿಯೊಡನೆ ಎರಡು ಮಾತು ಜೋರಾದರೆ ಚಾರ್ಜ್‌ಶೀಟು ಕೈಗೆ ಬರುತ್ತದೆ. ಅದು ಅನ್ಯಾಯವೆಂದು ನಾಲ್ಕು ಜನ ಗೇಟಿನ ಮುಂದೆ ಕುಳಿತರೆ ಲಾಠಿ ಚಾರ್ಜು ಆಗುತ್ತದೆ. ಪೆಟ್ಟು ತಿಂದು ಆಸ್ಪತ್ರೆ ಸೇರಿದವನು ಡಿಸ್ಚಾರ್ಜ್ ಆಗಿ ಮನೆಗೆ ಬರುತ್ತಾನೆ. ಮನೆಗೆ ಬಂದ ವಾರದಲ್ಲೇ ಗಿರಣಿಯವರು ಅವನನ್ನು ಕೆಲಸದಿಂದಲೂ ಡಿಸ್ಚಾರ್ಜ್ ಮಾಡುತ್ತಾರೆ.

ಒಂದೇ ಮಾತಿಗೆ ಇಷ್ಟು ಅರ್ಥಗಳು ಹೇಗೆ ಬಂದವು, ಈ ಅರ್ಥಗಳಿಗೆ ಒಂದಕ್ಕೊಂದು ಸಂಬಂಧ ಉಂಟೇ ಎಂಬುದು ಶಾಲಾ ಮಕ್ಕಳ ನಿಘಂಟಿಗೆ ಸೇರಿದ ವಿಷಯವೆಂದು ಯಾರೂ ತಳ್ಳಿಹಾಕಬಾರದು. ದುಡಿಯುವವನ ಸಂಬಳ, ಅಂಗಡಿಯವನ ನಾಲ್ಕು ಕಾಸಿನ ಲಾಭ, ಕೆಲವು ಸಲ ಒಬ್ಬನ ನೌಕರಿಯೇ ಈ ಒಂದು ಮಾತನ್ನು ಯಾರು ಯಾವ ಅರ್ಥದಲ್ಲಿ ಬಳಸಿದರು ಎಂಬುದರ ಮೇಲೆ ನಿಂತಿರುತ್ತದೆ. ಆದುದರಿಂದ ಈ ಮಾತಿನ ಒಳಹೊರಗನ್ನು ಸ್ವಲ್ಪ ಬಿಡಿಸಿ ನೋಡೋಣ.

ಹಳೆಯ ರೋಮನರ ಲ್ಯಾಟಿನ್ ಭಾಷೆಯಲ್ಲಿ ‘ಕಾರ್ರುಸ್’ ಎಂದರೆ ಗಾಡಿ. ಆ ಹೆಸರನ್ನು ಅವರು ಪಡೆದದ್ದು ಗಾಲ್ ಜನರಿಂದ. ಗಾಡಿಗೆ ಸರಕು ಹೇರುವುದಕ್ಕೆ ‘ಕಾರ್ರಿಕಾರೆ’ ಎಂಬ ಮಾತು ಹುಟ್ಟಿತು. ಅದು ಹಳೆಯ ಫ್ರೆಂಚಿನಲ್ಲಿ ಸವೆದು, 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ನಂತರದ ಕಾಲದಲ್ಲಿ ದೊರೆಗಳ ಭಾಷೆಯಿಂದ ಇಂಗ್ಲಿಷಿಗೆ ಇಳಿದು ‘ಚಾರ್ಜ್’ ಎಂದಾಯಿತು. ನಾವಾಡುವ ಕಾರು, ಹಡಗಿನ ಕಾರ್ಗೋ, ಹೊತ್ತೊಯ್ಯುವುದಕ್ಕೆ ಇಂಗ್ಲಿಷರು ಹೇಳುವ ಕ್ಯಾರಿ, ಇವೆಲ್ಲ ಅದೇ ಗಾಡಿಯ ಮಕ್ಕಳು.

ಅಂದರೆ ಈ ಮಾತಿನ ಬೇರು ಹೇರುವುದು. ಈ ಬೇರನ್ನು ಹಿಡಿದುಕೊಂಡರೆ ಉಳಿದ ಅರ್ಥಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಬಂದೂಕಿಗೆ ಮದ್ದು ತುಂಬಿದರೆ ಚಾರ್ಜು. ಬ್ಯಾಟರಿಗೆ ವಿದ್ಯುತ್ತು ತುಂಬಿದರೆ ಚಾರ್ಜು. ಗಿರಾಕಿಯ ಮೇಲೆ ಹಣ ಹೇರಿದರೆ ಚಾರ್ಜು. ಒಬ್ಬನ ಮೇಲೆ ಹೊಣೆ ಹೊರಿಸಿದರೆ ಅವನು ಇನ್‌ಚಾರ್ಜ್. ತಪ್ಪು ಹೊರಿಸಿದರೆ ಅದಕ್ಕೆ ಚಾರ್ಜ್‌ಶೀಟು. ಮನೆ ಜಮೀನಿನ ಮೇಲೆ ಸಾಲದ ಹೊರೆ ಕೂತರೆ ಕಾನೂನಿನಲ್ಲಿ ಅದಕ್ಕೂ ಚಾರ್ಜೆಂದೇ ಹೆಸರು; 1882ರ ಸ್ವತ್ತು ವರ್ಗಾವಣೆ ಕಾನೂನಿನ 100ನೇ ಕಲಮು ಹೇಳುವುದು ಇದನ್ನೇ. ದಂಡಿನವರು ತಮ್ಮ ಭಾರವನ್ನೆಲ್ಲ ಒಮ್ಮೆಗೇ ಎದುರಿನವರ ಮೇಲೆ ಹಾಕಿ ನುಗ್ಗಿದರೆ ಅದೂ ಚಾರ್ಜು. ಇದಕ್ಕೆ ‘ಡಿಸ್’ ಎಂದು ಮುಂದೆ ಸೇರಿಸಿದರೆ ಹೊರೆ ಇಳಿಸಿದಂತಾಯಿತು.

ಓದುಗರು ಒಂದು ಸ್ವಾರಸ್ಯವನ್ನು ಗಮನಿಸಬೇಕು. ಇಂಗ್ಲಿಷಿನವರು ಗಾಡಿಯಿಂದ ಕಟ್ಟಿಕೊಂಡ ಈ ಸಂಸಾರವನ್ನೇ ನಮ್ಮ ಕನ್ನಡವೂ ಕಟ್ಟಿಕೊಂಡಿದೆ. ನಾವು ಸೌದೆಯನ್ನು ಹೊರುತ್ತೇವೆ, ಹೊಣೆಯನ್ನೂ ಹೊರುತ್ತೇವೆ. ಕತ್ತೆಯ ಮೇಲೆ ಮೂಟೆ ಹೊರಿಸುತ್ತೇವೆ, ಮನುಷ್ಯನ ಮೇಲೆ ತಪ್ಪು ಹೊರಿಸುತ್ತೇವೆ. ಗಾಡಿಗೆ ಚೀಲ ಹೇರುತ್ತೇವೆ, ಸರ್ಕಾರ ಜನರ ಮೇಲೆ ತೆರಿಗೆ ಹೇರುತ್ತದೆ. ಕಚೇರಿಯ ಸಂಸ್ಕೃತ ಪದಗಳಲ್ಲೂ ಇದೇ ಭಾರ ಅಡಗಿದೆ. ಮುಖ್ಯೋಪಾಧ್ಯಾಯರು ವರ್ಗವಾಗಿ ಹೋದಾಗ ಬೀಗದ ಕೈ, ಹಾಜರಿ ಪುಸ್ತಕ, ಬೆಂಚುಗಳ ಲೆಕ್ಕವನ್ನು ವಹಿಸಿಕೊಳ್ಳುವವರನ್ನು ಪ್ರಭಾರ ಮುಖ್ಯೋಪಾಧ್ಯಾಯರು ಎನ್ನುತ್ತಾರೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕೊಡುವ ಇ.ಸಿ.ಗೆ ಕನ್ನಡದಲ್ಲಿ ಋಣಭಾರ ಪತ್ರವೆಂದು ಹೆಸರು. ಆರೋಪವೆಂದರೂ ಮೂಲದಲ್ಲಿ ಮೇಲೆ ಏರಿಸುವುದೇ.

ಹಾಗಾದರೆ ಚಾರ್ಜೆಂದರೇನು, ಹೊರಿಸುವುದೆಂದರೇನು, ಎರಡೂ ಒಂದೇ ತಾನೇ ಎಂದು ಯಾರಾದರೂ ಕೇಳಬಹುದು. ಅರ್ಥ ಒಂದೇ ಇರಬಹುದು, ಆದರೆ ಬಳಕೆ ಒಂದಲ್ಲ. ‘ಹೊರಿಸಿದರು’ ಎಂದು ಕನ್ನಡದಲ್ಲಿ ಹೇಳಿದೊಡನೆ ಕೇಳುವವನು ಯಾರು ಹೊರಿಸಿದರು, ಯಾರ ಮೇಲೆ ಹೊರಿಸಿದರು, ಏನನ್ನು ಹೊರಿಸಿದರು ಎಂದು ಮೂರು ಪ್ರಶ್ನೆ ಹಾಕಿಯೇ ಹಾಕುತ್ತಾನೆ. ‘ಚಾರ್ಜು’ ಎಂಬ ಮಾತನ್ನು ನಾವು ಕಡ ತಂದಾಗ ಅದರ ಜೊತೆಗೆ ‘ಆಗುತ್ತದೆ’ ಎಂಬುದನ್ನು ಗಂಟು ಹಾಕಿಕೊಂಡೆವು. ‘ಇಪ್ಪತ್ತು ರೂಪಾಯಿ ಚಾರ್ಜ್ ಆಗುತ್ತದೆ’, ‘ನಿನ್ನೆ ಲಾಠಿ ಚಾರ್ಜ್ ಆಯಿತು’ ಎನ್ನುತ್ತೇವೆ. ಮಳೆ ಆಗುತ್ತದೆ, ಬೆಳೆ ಆಗುತ್ತದೆ. ಅವು ಪ್ರಕೃತಿಯ ಕೆಲಸ. ಲಾಠಿ ತಾನಾಗಿ ಮೇಲೇಳುವುದಿಲ್ಲ. ಖಾತೆಯಲ್ಲಿದ್ದ ಹಣ ತಾನಾಗಿ ನಡೆದುಕೊಂಡು ಹೋಗುವುದಿಲ್ಲ. ‘ಆಗುತ್ತದೆ’ ಎಂದಾಗ ಹೊರಿಸಿದವನು ಪರದೆಯ ಹಿಂದೆ ಸರಿದುಕೊಳ್ಳುತ್ತಾನೆ, ಹೊತ್ತವನ ಬೆನ್ನು ಮಾತ್ರ ನಮಗೆ ಕಾಣುತ್ತದೆ. ಮಾತಿನ ಈ ಮೋಸವನ್ನು ಬಯಲಿಗೆಳೆಯುವುದೇ ಈ ಲೇಖನದ ಉದ್ದೇಶ.

ಹಣದ ಚಾರ್ಜನ್ನು ಮೊದಲು ತೆಗೆದುಕೊಳ್ಳೋಣ. ವಿದ್ಯುತ್ ಬಿಲ್ಲನ್ನು ಬಿಡಿಸಿ ನೋಡಿ. ಉರಿಸಿದ ಯೂನಿಟ್ಟಿಗೆ ಒಂದು ಚಾರ್ಜು, ಉರಿಸಲಿ ಬಿಡಲಿ ತೆರಬೇಕಾದ ಫಿಕ್ಸೆಡ್ ಚಾರ್ಜು ಮತ್ತೊಂದು. ಇವುಗಳ ಮೇಲೆ ಏಪ್ರಿಲ್ 2025ರಿಂದ ವಿದ್ಯುತ್ ನಿಗಮಗಳ ನೌಕರರ ಪಿಂಚಣಿ ಮತ್ತು ಗ್ರ್ಯಾಚುಟಿಯ ಬಾಬ್ತಿಗೆಂದು, 2025-26ನೇ ಸಾಲಿಗೆ ಯೂನಿಟ್ಟಿಗೆ 36 ಪೈಸೆಯ ಸರ್ಚಾರ್ಜನ್ನು ಸೇರಿಸಿದರು. ಸರ್ಚಾರ್ಜೆಂದರೆ ಹೊರೆಯ ಮೇಲಿನ ಹೊರೆ. ನೌಕರರಿಗೆ ಪಿಂಚಣಿ ಸಲ್ಲಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಭಾರವನ್ನು ಮಗ್ಗ ನಡೆಸುವವನೂ ಹಿಟ್ಟಿನ ಗಿರಣಿಯವನೂ ಕಿರಾಣಿ ಅಂಗಡಿಯವನೂ ಹೊರಬೇಕೆಂದು ಯಾರು ತೀರ್ಮಾನಿಸಿದರು, ಏಕೆ ತೀರ್ಮಾನಿಸಿದರು ಎಂಬುದು ಬಿಲ್ಲಿನ ಒಂದು ಸಾಲಿನಿಂದ ಯಾರಿಗೂ ತಿಳಿಯುವಂತಿಲ್ಲ. ಹಾಗೆಯೇ ನಮ್ಮದೇ ಹಣವನ್ನು ಎ.ಟಿ.ಎಂ.ನಿಂದ ತೆಗೆಯುವಾಗ, ಉಚಿತ ಸಲಗಳು ಮುಗಿದ ಮೇಲೆ ಬ್ಯಾಂಕುಗಳು ಹಿಡಿಯಬಹುದಾದ ಚಾರ್ಜಿನ ಮಿತಿಯನ್ನು 1 ಮೇ 2025ರಿಂದ 21 ರೂಪಾಯಿಯಿಂದ 23 ರೂಪಾಯಿಗೆ ಏರಿಸಿದರು.

ಕೇಳಿದರೆ ಉತ್ತರ ಬರುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಹೋಟೆಲುಗಳಲ್ಲಿ ಊಟದ ಬೆಲೆಯ ಮೇಲೆ ಸರ್ವೀಸ್ ಚಾರ್ಜೆಂದು ತಾವಾಗಿಯೇ ಬರೆದುಕೊಳ್ಳುತ್ತಿದ್ದರು. ಇದು ಸರ್ಕಾರದ ತೆರಿಗೆಯೆಂದೇ ಬಹಳ ಜನ ತಿಳಿದು ಮಾತಾಡದೆ ಕೊಡುತ್ತಿದ್ದರು. ಗ್ರಾಹಕರು ದೂರಿದ ಮೇಲೆ, ಹೀಗೆ ಗಿರಾಕಿಯ ಇಚ್ಛೆ ಕೇಳದೆ ಬಿಲ್ಲಿಗೆ ಸೇರಿಸಕೂಡದು, ಬೇರೆ ಹೆಸರಿಟ್ಟೂ ಸೇರಿಸಕೂಡದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಜುಲೈ 2022ರಲ್ಲಿ ಹೇಳಿತು. ಹೋಟೆಲು ಮಾಲೀಕರ ಸಂಘಗಳು ಕೋರ್ಟಿಗೆ ಹೋದವು. 28 ಮಾರ್ಚ್ 2025ರಂದು ದೆಹಲಿ ಹೈಕೋರ್ಟು ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಇಲ್ಲಿ ಆದದ್ದೇನು? ‘ಚಾರ್ಜ್ ಆಗುತ್ತದೆ’ ಎಂಬ ಮಾತನ್ನು ಯಾರೋ ‘ಚಾರ್ಜ್ ಮಾಡುತ್ತಿರುವವರು ಯಾರು’ ಎಂದು ತಿರುಗಿಸಿ ಕೇಳಿದರು, ಅಷ್ಟೇ.

ಬಸ್ ಚಾರ್ಜಿನಲ್ಲಿ ಇನ್ನೊಂದು ಪಾಠವಿದೆ. 11 ಜೂನ್ 2023ರಂದು ಶಕ್ತಿ ಯೋಜನೆ ಬಂದು ರಾಜ್ಯದ ಹೆಂಗಸರು ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಚಾರ್ಜಿಲ್ಲದೆ ಓಡಾಡತೊಡಗಿದರು. 5 ಜನವರಿ 2025ರಿಂದ ಟಿಕೇಟಿನ ದರವನ್ನು ನೂರಕ್ಕೆ 15ರಷ್ಟು ಏರಿಸಿದರು. ಬಿಟ್ಟಿ ಎಂದು ಹಂಗಿಸುವವರು ಒಂದನ್ನು ತಿಳಿಯಬೇಕು. ಹೆಂಗಸರ ಪ್ರಯಾಣದ ಹೊರೆ ಮಾಯವಾಗಲಿಲ್ಲ, ಅದು ಹೆಗಲು ಬದಲಾಯಿಸಿತು. ಗಾರ್ಮೆಂಟು ಕಾರ್ಖಾನೆಗೆ ಹೋಗುವ ಹೆಣ್ಣುಮಗಳ ಹೆಗಲಿನಿಂದ ಇಳಿದು ಸರ್ಕಾರದ ಬೊಕ್ಕಸದ ಮೇಲೆ ಕುಳಿತಿತು. ಯಾವ ಹೊರೆಯನ್ನು ಯಾರ ಹೆಗಲಿಗೆ ಹಾಕಬೇಕು ಎಂಬುದೇ ರಾಜಕೀಯ. ಬಲವುಳ್ಳವನ ಹೆಗಲಿಗೆ ಹೆಚ್ಚು, ಬಲವಿಲ್ಲದವನಿಗೆ ಕಡಿಮೆ ಎಂಬುದು ಸಮಾಜವಾದ. ಬೊಕ್ಕಸವನ್ನು ತುಂಬುವವರು ಯಾರು ಎಂದು ಕೇಳುವುದೂ ಅದರ ಮುಂದಿನ ಪ್ರಶ್ನೆಯೇ.

ಇನ್ನು ಚಾರ್ಜ್‌ಶೀಟಿನ ವಿಷಯ. ಗಿರಣಿಯ ಬಂಧುಗಳು ಇದನ್ನು ನಿಧಾನವಾಗಿ ಓದಬೇಕು.

ಚಾರ್ಜ್‌ಶೀಟೆಂಬ ಒಂದೇ ಹೆಸರಿನ ಕಾಗದ ಎರಡು ಕಡೆಯಿಂದ ಬರುತ್ತದೆ. ಪೊಲೀಸರು ತನಿಖೆ ಮುಗಿಸಿ ಕೋರ್ಟಿಗೆ ಸಲ್ಲಿಸುವುದು ಒಂದು. ಗಿರಣಿಯ ಆಡಳಿತದವರು ಕೆಲಸಗಾರನಿಗೆ ಕೊಡುವುದು ಇನ್ನೊಂದು. ಹೆಸರು ಒಂದೇ ಆದರೂ ಆರೋಪಿಗೆ ಸಿಕ್ಕುವ ಮರ್ಯಾದೆ ಬೇರೆ ಬೇರೆ. ಕೊಲೆಯ ಆರೋಪ ಹೊತ್ತವನಿಗೂ ನ್ಯಾಯಾಧೀಶರು ದೋಷಾರೋಪವನ್ನು ಓದಿ ಹೇಳಿ ವಿವರಿಸಿದ ಮೇಲೆಯೇ ಒಪ್ಪುತ್ತೀಯೋ ಇಲ್ಲವೋ ಎಂದು ಕೇಳಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಈ ನಿಯಮವಿತ್ತು, 1 ಜುಲೈ 2024ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಸಾಕ್ಷಿ ಹೇಳುವವನ ಭಾಷೆ ಆರೋಪಿಗೆ ತಿಳಿಯದಿದ್ದರೆ, ತಿಳಿಯುವ ಭಾಷೆಗೆ ತಿರುಗಿಸಿ ಹೇಳಬೇಕೆಂಬ ನಿಯಮವೂ ಇದೆ.

ಗಿರಣಿಗಳಲ್ಲಿ ಎಷ್ಟೋ ಕಡೆ ನಡೆಯುವ ರೀತಿಯೇ ಬೇರೆ. ಪಾಳಿ ಮುಗಿಯುವ ಹೊತ್ತಿಗೆ ಟೈಮ್ ಆಫೀಸಿಗೆ ಕರೆಸುತ್ತಾರೆ. ಎರಡು ಪುಟದ ಇಂಗ್ಲಿಷು ಕಾಗದ ಕೊಟ್ಟು ಇಲ್ಲಿ ಸಹಿ ಹಾಕು ಎನ್ನುತ್ತಾರೆ. ಏನು ಸ್ವಾಮಿ ಎಂದು ಕೇಳಿದರೆ, ಏನಿಲ್ಲ, ತಲುಪಿದ್ದಕ್ಕೆ ಗುರುತು ಎನ್ನುತ್ತಾರೆ. ಮನೆಗೆ ತಂದು ಎಂಟನೇ ತರಗತಿಯ ಮಗನ ಕೈಲಿ ಓದಿಸಿದರೆ, ಆ ಹುಡುಗನ ಪಠ್ಯದಲ್ಲಿ ಚಾರ್ಜೆಂದರೆ ಹೊಣೆಯೆಂದೋ ಬೆಲೆಯೆಂದೋ ಇರುತ್ತದೆ. ‘ಚಾರ್ಜ್‌ಮನ್’ ಎಂಬ ಹುದ್ದೆಯ ಹೆಸರನ್ನು ಕೇಳಿದವನಿಗೆ ಇದು ಬಡ್ತಿಯ ಕಾಗದವೇನೋ ಎಂದು ಭ್ರಮೆಯಾದರೂ ಆಶ್ಚರ್ಯವಿಲ್ಲ. ಉತ್ತರ ಕೊಡಲು ಕೊಟ್ಟ ವಾಯಿದೆ ಹೀಗೆಯೇ ಕಳೆದುಹೋಗುತ್ತದೆ. ಕೊನೆಗೆ ಆಫೀಸಿನವರೇ ಬರೆದಿಟ್ಟ ಕ್ಷಮಾಪಣೆಯ ಕಾಗದಕ್ಕೆ ಹೆಬ್ಬೆಟ್ಟು ಬೀಳುತ್ತದೆ. ‘ತಲುಪಿತು’ ಎಂಬುದಕ್ಕೂ ‘ಒಪ್ಪಿದೆ’ ಎಂಬುದಕ್ಕೂ ಇರುವ ಅಂತರ ಒಂದು ನೌಕರಿಯಷ್ಟು ದೊಡ್ಡದು.

ಕಾನೂನು ಇದಕ್ಕೆ ಏನು ಹೇಳುತ್ತದೆ? ಆರೋಪ ಸ್ಪಷ್ಟವಾಗಿರಬೇಕು. ಯಾವ ದಿನ, ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ, ಏನು ಮಾಡಿದ ಎಂಬುದು ಅದರಲ್ಲಿ ಇರಬೇಕು. ‘ಶಿಸ್ತಿಗೆ ಭಂಗ ತಂದಿರುತ್ತೀರಿ’ ಎಂದು ಬರೆದರೆ ಸಾಲದು. ಪಶ್ಚಿಮ ಬಂಗಾಳದ ನೌಕರ ಸುರತ್ ಚಂದ್ರ ಚಕ್ರವರ್ತಿಯವರ ಮೊಕದ್ದಮೆಯಲ್ಲಿ, ಅಸ್ಪಷ್ಟ ಆರೋಪದ ಮೇಲೆ ನಡೆಸಿದ ವಿಚಾರಣೆ ನಿಲ್ಲುವುದಿಲ್ಲವೆಂದು ಸುಪ್ರೀಂ ಕೋರ್ಟು 1970ರಲ್ಲಿಯೇ ಹೇಳಿತು. ಓದಿದವನಿಗೂ ಅರ್ಥವಾಗದಂತೆ ಬರೆದ ಆರೋಪ ನಿಲ್ಲುವುದಿಲ್ಲವೆಂದ ಮೇಲೆ, ಓದಲೇ ಬಾರದ ಭಾಷೆಯಲ್ಲಿ ಬರೆದ ಆರೋಪ ಯಾವ ನ್ಯಾಯ?

1946ರ ಸ್ಟ್ಯಾಂಡಿಂಗ್ ಆರ್ಡರ್ ಕಾನೂನನ್ನು ಬರೆದದ್ದು ಬ್ರಿಟಿಷರ ಸರ್ಕಾರ. ಆದರೂ ಅದರ 9ನೇ ಕಲಮಿನಲ್ಲಿ, ಗಿರಣಿಯ ನಿಯಮಗಳನ್ನು ಇಂಗ್ಲಿಷಿನಲ್ಲಿಯೂ ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಬರೆದು, ಅವರು ಒಳಗೆ ಬರುವ ಬಾಗಿಲ ಹತ್ತಿರ ಹಲಗೆಯ ಮೇಲೆ ಹಾಕಬೇಕೆಂದು ಸ್ಪಷ್ಟವಾಗಿ ಇತ್ತು. 21 ನವೆಂಬರ್ 2025ರಿಂದ ಕೇಂದ್ರ ಸರ್ಕಾರ ಜಾರಿಗೆ ತಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಅದರ ಜಾಗಕ್ಕೆ ಬಂದಿದೆ. ಯಾವ ಭಾಷೆ, ಯಾವ ರೀತಿ ಎಂಬುದನ್ನು ಈ ಸಂಹಿತೆ ತಾನೇ ಹೇಳದೆ ಮುಂದೆ ಮಾಡುವ ನಿಯಮಗಳಿಗೆ ಬಿಟ್ಟಿದೆ. ಹಳೆಯ ಕಾನೂನು ಮೂಲದಲ್ಲಿ 100 ಜನ ಕೆಲಸಗಾರರಿರುವ ಕಡೆಗೆ ಅನ್ವಯಿಸುತ್ತಿತ್ತು. ಹೊಸದರಲ್ಲಿ ಸ್ಟ್ಯಾಂಡಿಂಗ್ ಆರ್ಡರಿನ ಅಧ್ಯಾಯ ಅನ್ವಯಿಸುವುದು 300 ಜನರಿರುವ ಕಡೆಗೆ. ನಮ್ಮಂಥ ಜಿಲ್ಲಾ ಊರುಗಳಲ್ಲಿ 300 ಜನ ದುಡಿಯುವ ಕಾರ್ಖಾನೆಗಳು ಎಷ್ಟಿವೆ ಎಂದು ಓದುಗರೇ ಬೆರಳು ಮಡಿಸಿ ನೋಡಲಿ.

ಅಮಾನತ್ತಿನಲ್ಲಿಟ್ಟು ವಿಚಾರಣೆ ನಡೆಸಿದರೆ ಮೊದಲ 90 ದಿನ ಅರ್ಧ ಕೂಲಿ, ಆಮೇಲೆ ಕೆಲಸಗಾರನ ದೆಸೆಯಿಂದಲ್ಲದೆ ವಿಚಾರಣೆ ಎಳೆದರೆ ಮುಕ್ಕಾಲು ಕೂಲಿ ಜೀವನಾಧಾರವಾಗಿ ಕೊಡಬೇಕೆಂಬ ನಿಯಮ ಹೊಸ ಸಂಹಿತೆಯಲ್ಲೂ ಉಳಿದಿದೆ. ಇದು ತಿಳಿಯದೆ, ಚಾರ್ಜ್‌ಶೀಟು ಬಂದ ದಿನವೇ ಹೆಂಡತಿಯ ಓಲೆಯನ್ನು ಗಿರವಿ ಇಟ್ಟವರೂ ಇರುತ್ತಾರೆ. ತಿಳಿಯದಿರುವುದು ಅವರ ತಪ್ಪಲ್ಲ. ತಿಳಿಯದ ಭಾಷೆಯಲ್ಲಿ ಬರೆದವರ ತಪ್ಪು.

ಲಾಠಿ ಚಾರ್ಜಿನ ಬಗ್ಗೆ ಹೆಚ್ಚು ಬರೆಯಬೇಕಾದ್ದಿಲ್ಲ, ಅದರ ಅರ್ಥ ಬೆನ್ನಿಗೆ ಚೆನ್ನಾಗಿ ಗೊತ್ತು. 30 ಅಕ್ಟೋಬರ್ 1928ರಂದು ಲಾಹೋರಿನಲ್ಲಿ ಸೈಮನ್ ಕಮಿಷನ್ನಿನ ವಿರುದ್ಧ ನಡೆದ ಮೆರವಣಿಗೆಯ ಮೇಲೆ ಪೊಲೀಸರು ಲಾಠಿ ಬೀಸಿದರು. ಪೆಟ್ಟು ತಿಂದ ಲಾಲಾ ಲಜಪತರಾಯರು ನವೆಂಬರ್ 17ರಂದು ತೀರಿಕೊಂಡರು. ದೊರೆಗಳು ಹೋದರು, ಲಾಠಿ ಉಳಿಯಿತು, ಅದರ ಹೆಸರೂ ಉಳಿಯಿತು. ಗುಂಪು ಚದುರಿಸಲು ಅಪ್ಪಣೆ ಕೊಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಲ್ಲದೆ ಠಾಣೆಯ ಚಾರ್ಜಿನಲ್ಲಿರುವ ಅಧಿಕಾರಿಗೂ ಕಾನೂನಿನಲ್ಲಿ ಉಂಟು. ಹಾಗಾಗಿ ಚಾರ್ಜಿನಲ್ಲಿರುವವನೇ ಚಾರ್ಜಿಗೆ ಅಪ್ಪಣೆ ಕೊಟ್ಟು, ಆಮೇಲೆ ತಾನೇ ಚಾರ್ಜ್‌ಶೀಟು ಹಾಕುತ್ತಾನೆ. ಪೆಟ್ಟು ತಿಂದವನು ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ, ಬಸ್ ಚಾರ್ಜು ಕೊಟ್ಟುಕೊಂಡು ಕೋರ್ಟಿಗೆ ಅಲೆಯುತ್ತಾನೆ. ಒಂದು ಇಂಗ್ಲಿಷು ಮಾತಿನ ಎಲ್ಲ ಅರ್ಥಗಳೂ ಹೀಗೆ ಒಬ್ಬನೇ ಬಡವನ ಮೇಲೆ ಬಂದು ಬೀಳುವುದುಂಟು.

ಹೊರೆ ಇಳಿಸುವ ‘ಡಿಸ್ಚಾರ್ಜ್’ ಕೂಡ ಎಲ್ಲರಿಗೂ ಒಂದೇ ಅಲ್ಲ. ಆಸ್ಪತ್ರೆಯಲ್ಲಿ ಡಿಸ್ಚಾರ್ಜ್ ಎಂದರೆ ಹಣ್ಣುಕಾಯಿ ಮಾಡಿಸುವ ಸುದ್ದಿ. ಕೋರ್ಟಿನಲ್ಲಿ ಡಿಸ್ಚಾರ್ಜ್ ಎಂದರೆ ಆರೋಪಕ್ಕೆ ಆಧಾರವಿಲ್ಲವೆಂದು ಬಿಟ್ಟುಕಳಿಸಿದ ಸುದ್ದಿ. ಸಾಲ ಡಿಸ್ಚಾರ್ಜ್ ಆದರೆ ಅಂಗಡಿಯವನು ನೆಮ್ಮದಿಯಾಗಿ ಮಲಗುತ್ತಾನೆ. ಗಿರಣಿಯಲ್ಲಿ ಡಿಸ್ಚಾರ್ಜ್ ಎಂದರೆ ಒಲೆಗೆ ನೀರು ಬಿತ್ತು. ಅಲ್ಲಿ ಹೊರೆ ಇಳಿದದ್ದು ಯಾರಿಗೆ? ಮಾಲೀಕನಿಗೆ. ಕೂಲಿ ಕೊಡುವ ಹೊರೆಯನ್ನು ಅವನು ಇಳಿಸಿಕೊಂಡ. ಮಾತು ಮಾಲೀಕನ ಕಡೆಯಿಂದ ನೋಡಿ ಹೇಳಿದ್ದು, ಕೆಲಸಗಾರನ ಕಡೆಯಿಂದಲ್ಲ.

ಒಂದೇ ಹೆಸರು, ಎರಡು ಅಳತೆ. ನಮ್ಮ ನಾಡಿನಲ್ಲಿ ಇದು ಹೊಸದಲ್ಲ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಕೊಳಗದ ಪ್ರಶ್ನೆಯ ಮೇಲೆ. ಗೇಣಿಯ ಭತ್ತ ಅಳೆಸಿಕೊಳ್ಳುವಾಗ ಒಡೆಯರು ಹಿಡಿಯುತ್ತಿದ್ದದ್ದು ದೊಡ್ಡ ಕೊಳಗ. ಹೆಸರು ಕೊಳಗವೇ, ಅಳತೆ ಮಾತ್ರ ಬೇರೆ. ಹೆಚ್. ಗಣಪತಿಯಪ್ಪನವರು ರೈತರನ್ನು ಕೂಡಿಸಿದರು, ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು, ಡಾ. ರಾಮಮನೋಹರ ಲೋಹಿಯಾ ಬಂದು ದಸ್ತಗಿರಿಯಾದರು. ಅಕ್ಷರ ಬಾರದ ಗೇಣಿದಾರನಿಗೆ ಅಂದು ಅರ್ಥವಾದದ್ದು ಇಷ್ಟೇ: ಮಾತು ಒಂದೇ ಇದ್ದು ಅಳತೆ ಎರಡಾದರೆ, ನಷ್ಟ ಯಾವಾಗಲೂ ಕೆಳಗಿನವನಿಗೆ. ಲೋಹಿಯಾ ಅವರು ಮುಂದೆ ಇಂಗ್ಲಿಷು ಆಡಳಿತದ ವಿರುದ್ಧ ದನಿಯೆತ್ತಿದ್ದು ಇದೇ ವಿಚಾರದ ಮುಂದುವರಿಕೆ. ಇಂಗ್ಲಿಷೆಂಬುದು ಕಚೇರಿಯಲ್ಲಿ ಇಟ್ಟ ದೊಡ್ಡ ಕೊಳಗ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಚಾರ್ಜೆಂಬುದು ಕನ್ನಡವೇ ಆಗಿಹೋಗಿದೆಯಲ್ಲ, ಅದನ್ನು ಓಡಿಸಬೇಕೇ ಎಂಬುದು ಮೊದಲನೆಯದು. ಬೇಡ. ಬಸ್ಸು, ಟಿಕೇಟು, ಚಾರ್ಜು ಎಲ್ಲವೂ ನಮ್ಮ ಬಾಯಲ್ಲಿ ಪಳಗಿವೆ, ಇರಲಿ. ನಾವು ಆಡುವ ಮಾತಿನ ಮೇಲೆ ನಮ್ಮ ಜಗಳವಿಲ್ಲ. ನಮ್ಮ ಮೇಲೆ ಹೊರಿಸುವ ಕಾಗದದ ಮೇಲೆ ಜಗಳ. ಸರ್ಕಾರಿ ಕನ್ನಡ ಇಂಗ್ಲಿಷಿಗಿಂತ ಕಷ್ಟವಲ್ಲವೇ ಎಂಬುದು ಎರಡನೆಯದು. ಇದರಲ್ಲಿ ಸತ್ಯವಿದೆ. ‘ದೋಷಾರೋಪಣಾ ಪಟ್ಟಿ’ ಎಂದು ಬರೆದು ಕೆಳಗೆ ಸಮಾಸಗಳ ಸಂತೆ ನೆರೆಸಿದರೆ ಅದೂ ಇನ್ನೊಂದು ಇಂಗ್ಲಿಷೇ. 1963ರಲ್ಲಿ ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯೆಂದು ಕಾನೂನು ಮಾಡಿದ್ದು ಗುಮಾಸ್ತರ ಪಾಂಡಿತ್ಯಕ್ಕಲ್ಲ. ‘ನಿನ್ನ ಮೇಲೆ ಹೊರಿಸಿರುವ ತಪ್ಪು ಇದು, ಇಂಥ ದಿನದೊಳಗೆ ಉತ್ತರ ಕೊಡು’ ಎಂದು ಬರೆದರೆ ಯಾವ ಕಾನೂನೂ ಮುರಿದು ಬೀಳುವುದಿಲ್ಲ.

ವ್ಯಾಪಾರಿ ಬಂಧುಗಳಿಗೂ ಒಂದು ಮಾತು. ಬ್ಯಾಂಕಿನವರು ಹೊರಿಸಿದ್ದನ್ನು ಪ್ರಶ್ನಿಸುವ ನಾವು, ಗಿರಾಕಿಯ ಚೀಟಿಯಲ್ಲಿ ಹಮಾಲಿ ಚಾರ್ಜು, ಪ್ಯಾಕಿಂಗ್ ಚಾರ್ಜು ಎಂದು ಬರೆಯುವಾಗ ಅದು ಎಷ್ಟು, ಏತಕ್ಕೆ ಎಂದು ಮೊದಲೇ ಹೇಳಿಬಿಡಬೇಕು. ಹಮಾಲಿಯ ಹೆಸರಿನಲ್ಲಿ ಹಿಡಿದದ್ದು ಹಮಾಲನ ಕೈಗೆ ಸೇರಬೇಕು. ನ್ಯಾಯದ ತಕ್ಕಡಿ ಎರಡು ಕಡೆಗೂ ಒಂದೇ ಇರಲಿ.

ಆದಕಾರಣ ನಮ್ಮ ಬೇಡಿಕೆಗಳು ಸರಳ. ಗಿರಣಿ ದೊಡ್ಡದಿರಲಿ ಸಣ್ಣದಿರಲಿ, ಚಾರ್ಜ್‌ಶೀಟು ಮತ್ತು ವಿಚಾರಣೆಯ ಕಾಗದಗಳನ್ನು ಕೆಲಸಗಾರ ಓದುವ ಭಾಷೆಯಲ್ಲಿ ಕೊಡಬೇಕು, ಓದಲು ಬಾರದವನಿಗೆ ಅವನು ಆರಿಸಿಕೊಂಡವನ ಎದುರಿನಲ್ಲಿ ಓದಿ ಹೇಳಬೇಕು. ರಾಜ್ಯ ಸರ್ಕಾರ ಹೊಸ ಸಂಹಿತೆಯ ಕೆಳಗಿನ ತನ್ನ ನಿಯಮಗಳಲ್ಲಿ ಇದನ್ನು ಅಕ್ಷರಶಃ ಸೇರಿಸಬೇಕು. ಬ್ಯಾಂಕು ಮತ್ತು ವಿದ್ಯುತ್ ಕಂಪನಿಗಳು ಪ್ರತಿ ಚಾರ್ಜಿನ ಎದುರಿಗೆ ಅದು ಯಾವ ಆಜ್ಞೆಯ ಪ್ರಕಾರ, ಏತಕ್ಕೆ ಎಂಬುದನ್ನು ತಿಳಿಗನ್ನಡದಲ್ಲಿ ಅಚ್ಚು ಹಾಕಬೇಕು.

ಅಲ್ಲಿಯ ತನಕ ಪ್ರತಿಯೊಬ್ಬ ಸಂಗಾತಿಯೂ ಮಾಡಬಹುದಾದ ಕೆಲಸ ಒಂದಿದೆ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಲೇಬೇಕಾಗಿ ಬಂದರೆ ‘ತಲುಪಿದೆ, ಒಪ್ಪಿಲ್ಲ’ ಎಂದು ಕನ್ನಡದಲ್ಲಿ ಬರೆದು ತಾರೀಖು ಹಾಕಿ, ಒಂದು ಪ್ರತಿ ಇಸಿದುಕೊಂಡು ಅಂದೇ ಯೂನಿಯನ್ ಆಫೀಸಿಗೆ ತನ್ನಿ. ಯಾರಾದರೂ ‘ಚಾರ್ಜ್ ಆಗುತ್ತದೆ’ ಎಂದರೆ ಅಲ್ಲೇ ನಿಲ್ಲಿಸಿ ಕೇಳಿ: ಹೊರಿಸಿದವರು ಯಾರು, ಯಾವ ನಿಯಮದ ಮೇಲೆ ಹೊರಿಸಿದರು, ಈ ಹೊರೆ ನಮ್ಮ ಹೆಗಲಿಗೇ ಏಕೆ? ಗಾಡಿ ಎಳೆಯುವ ಎತ್ತಿಗೆ ಬಾಯಿಲ್ಲ. ನಮಗಿದೆ.